ಒಣಬೇಸಾಯದ ಹೊಲದಲ್ಲಿ ಮಣ್ಣಿನ ಸತ್ವ ಉಳಿಸಿಕೊಳ್ಳುವ ಬಗೆ: ಎರೆ (ಕಪ್ಪು) ಮತ್ತು ಮಸಾರಿ (ಕೆಂಪು) ಭೂಮಿಯ ರೈತರಿಗೆ ಮಾರ್ಗದರ್ಶಿ

ಮಳೆಯನ್ನೇ ನಂಬಿದ ಹೊಲದಲ್ಲಿ ಇಳುವರಿ ಕುಗ್ಗಿದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಗೊಬ್ಬರದ ಚೀಲ ಹೆಚ್ಚಿಸುವುದು. ಆ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಬೇಕೆಂಬುದು ಈ ಮಾರ್ಗದರ್ಶಿಯ ತಿರುಳು. ಮೊದಲು ಮಣ್ಣು ಹೊಲದಲ್ಲಿ ನಿಲ್ಲಬೇಕು, ಆಮೇಲೆ ಮಳೆನೀರು ಆ ಮಣ್ಣಿಗೆ ಇಳಿಯಬೇಕು, ಅದಾದ ಮೇಲೆ ಹೊಲದಿಂದ ಹೋದ ಸೊಪ್ಪು-ಸಗಣಿ ಹೊಲಕ್ಕೆ ಮರಳಬೇಕು. ಇಷ್ಟಾದ ನಂತರ ಹಾಕಿದ ಒಂದು ಚೀಲ ಮಾಡುವ ಕೆಲಸವನ್ನು ಇವೊಂದೂ ಇಲ್ಲದೆ ಸುರಿದ ಮೂರು ಚೀಲ ಮಾಡುವುದಿಲ್ಲ. ಒಣ ಪ್ರದೇಶದಲ್ಲಿ ಈ ಅನುಕ್ರಮ ತಪ್ಪಿದಾಗಲೇ ಹಣವೂ ಹೋಗುತ್ತದೆ, ಭೂಮಿಯೂ ಸೊರಗುತ್ತದೆ.

ಇಲ್ಲಿ ಹೇಳುವ ಮಾತುಗಳು ಮುಖ್ಯವಾಗಿ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ಬಯಲುಸೀಮೆಗೆ ಸಂಬಂಧಿಸಿದವು. ಈ ಭಾಗದಲ್ಲಿ ವರ್ಷಕ್ಕೆ ಸರಾಸರಿ 600 ಮಿ.ಮೀ. ಆಸುಪಾಸು ಮಳೆಯಾಗುತ್ತದೆ; ಅದರ ದೊಡ್ಡ ಪಾಲು ಕೆಲವೇ ಬಿರುಸಾದ ಮಳೆಗಳಲ್ಲಿ ಬಂದು ಹೋಗುತ್ತದೆ. ಉಳಿದ ತಿಂಗಳುಗಳಲ್ಲಿ ಬಿಸಿಲು ಮಣ್ಣನ್ನು ಕಾಯಿಸುತ್ತಲೇ ಇರುತ್ತದೆ. ಬಿಸಿಲು ಹೆಚ್ಚಿದಷ್ಟೂ ಮಣ್ಣಿನೊಳಗಿನ ಕೊಳೆತ ಸೊಪ್ಪು, ಬೇರು, ಗೊಬ್ಬರ ಇವು ಬೇಗ ಕರಗಿ ಗಾಳಿ ಸೇರುತ್ತವೆ. ತೇವ ಕಡಿಮೆಯಾದಷ್ಟೂ ಅವುಗಳ ಜಾಗ ತುಂಬುವ ಹೊಸ ಸೊಪ್ಪು ಕಡಿಮೆ ಬೆಳೆಯುತ್ತದೆ. ಹೀಗೆ ಖರ್ಚು ಜಾಸ್ತಿ, ಜಮೆ ಕಡಿಮೆ ಇರುವ ಖಾತೆಯಂತಾಗುತ್ತದೆ ಒಣಭೂಮಿಯ ಲೆಕ್ಕ. ಈ ಕೊಳೆತ ಅಂಶದ ಅಳತೆಯಾದ ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, ಶೇ 0.75 ದಾಟಿದರೆ ಹೆಚ್ಚು ಎಂದು ಮಣ್ಣು ಪರೀಕ್ಷಾ ಕೇಂದ್ರಗಳು ಎಣಿಸುತ್ತವೆ. ನಮ್ಮ ಭಾಗದ ಮಸಾರಿ ಹೊಲಗಳು ಸಾಮಾನ್ಯವಾಗಿ ಕಡಿಮೆ ಎಂಬ ಸಾಲಿಗೇ ಬರುತ್ತವೆ.

ಮೊದಲ ಹೆಜ್ಜೆ: ಹೊಲವನ್ನು ಮಳೆಯಲ್ಲಿ ನೋಡುವುದು

ಬೇಸಿಗೆಯಲ್ಲಿ ನೋಡಿದ ಹೊಲ ತನ್ನ ಕಷ್ಟ ಹೇಳುವುದಿಲ್ಲ. ಮುಂಗಾರಿನ ಮೊದಲ ದೊಡ್ಡ ಮಳೆ ನಿಂತ ಕೂಡಲೇ, ಕೆಸರಾದರೂ ಸರಿ, ಹೊಲದ ಮೇಲುತುದಿಯಿಂದ ಕೆಳತುದಿಯವರೆಗೆ ಒಮ್ಮೆ ನಡೆಯಬೇಕು. ನೀರು ಎಲ್ಲಿಂದ ಹೊಕ್ಕಿತು, ಎಲ್ಲಿ ಕೂಡಿಕೊಂಡಿತು, ಬದುವನ್ನು ಎಲ್ಲಿ ಒಡೆಯಿತು, ಬೆರಳುದ್ದದ ಕೊರಕಲುಗಳು ಎಲ್ಲಿ ಶುರುವಾಗಿವೆ ಎಂಬುದನ್ನು ಒಂದು ಹಾಳೆಯ ಮೇಲೆ ಗುರುತು ಹಾಕಿಕೊಳ್ಳಿ. ಹರಿದು ಹೋಗುವ ನೀರನ್ನು ಒಂದು ಲೋಟದಲ್ಲಿ ಹಿಡಿದು ಮರುದಿನದವರೆಗೆ ಇಟ್ಟರೆ ತಳದಲ್ಲಿ ಕೂರುವ ಮಣ್ಣನ್ನು ಕಣ್ಣಾರೆ ಕಾಣಬಹುದು. ಒಂದು ಎಕರೆಯಲ್ಲಿ ಬರೀ ಒಂದು ಮಿ.ಮೀ. ದಪ್ಪದ ಮಣ್ಣು ಕೊಚ್ಚಿಹೋದರೆ ಅದು ಐದು ಟನ್ನಿಗೂ ಹೆಚ್ಚು. ಕಣ್ಣಿಗೆ ಏನೂ ಆಗಿಲ್ಲವೆಂದು ತೋರುವ ಹೊಲದಿಂದಲೂ ಇಷ್ಟು ಹೋಗಬಲ್ಲದು. ಹೋಗುವುದರಲ್ಲಿ ಮೊದಲು ತೇಲುವುದು ಮರಳೂ ಕಲ್ಲೂ ಅಲ್ಲ. ಸತ್ವವನ್ನು ಹಿಡಿದಿಟ್ಟಿರುವ ನುಣ್ಣನೆಯ ಜೇಡಿ ಮತ್ತು ಕೊಳೆತ ಸೊಪ್ಪಿನ ಅಂಶ. ಹೊಲದಲ್ಲಿ ಉಳಿಯುವುದು ಗರಸು.

ಎರಡನೆಯ ಪರೀಕ್ಷೆಗೆ ಎರಡು ಗಾಜಿನ ಲೋಟ ಸಾಕು. ಬದುವಿನ ಮೇಲೆ, ಬೇವಿನ ಮರದ ಬುಡದಲ್ಲಿ, ಅಂದರೆ ಹಲವು ವರ್ಷಗಳಿಂದ ಉಳುಮೆ ಕಾಣದೆ ಹುಲ್ಲು ಬೆಳೆದಿರುವ ಜಾಗದಲ್ಲಿ ಅಡಿಕೆ ಗಾತ್ರದ ಒಂದು ಒಣ ಹೆಂಟೆ ತೆಗೆದುಕೊಳ್ಳಿ. ಹೊಲದ ನಟ್ಟನಡುವೆ ಅಷ್ಟೇ ಗಾತ್ರದ ಇನ್ನೊಂದು. ಎರಡನ್ನೂ ಮಳೆನೀರು ತುಂಬಿದ ಲೋಟಗಳಿಗೆ ಮೆಲ್ಲಗೆ ಬಿಡಿ, ಕಲಕಬೇಡಿ. ಬದುವಿನ ಹೆಂಟೆಯಿಂದ ಗುಳ್ಳೆಗಳು ಎದ್ದರೂ ಅದು ಬಹಳ ಹೊತ್ತು ತನ್ನ ಆಕಾರ ಉಳಿಸಿಕೊಳ್ಳುತ್ತದೆ. ಸೊರಗಿದ ಹೊಲದ ಹೆಂಟೆ ಕೆಲವೇ ನಿಮಿಷಗಳಲ್ಲಿ ಕುಸಿದು ತಳದಲ್ಲಿ ರಾಶಿಯಾಗುತ್ತದೆ. ಮಣ್ಣಿನ ಕಣಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟು ಬಹುಪಾಲು ಸಾವಯವ ಅಂಶದಿಂದ ಬರುವುದು, ಆ ಅಂಟು ತೀರಿದಾಗ ಮಳೆಹನಿ ಬಿದ್ದಲ್ಲೇ ಮೇಲ್ಮಣ್ಣು ಕರಗಿ, ರಂಧ್ರಗಳನ್ನು ಮುಚ್ಚಿ, ಒಣಗಿದ ಮೇಲೆ ಹಪ್ಪಳದಂಥ ಹೆಪ್ಪು ಕಟ್ಟುತ್ತದೆ. ಮಸಾರಿ ಹೊಲದಲ್ಲಿ ಸಜ್ಜೆಯ ಮೊಳಕೆ ಈ ಹೆಪ್ಪನ್ನು ಸೀಳಲಾಗದೆ ಒಳಗೇ ಬಾಗಿ ಸಾಯುವುದನ್ನು ಬಿತ್ತಿದವರೆಲ್ಲ ಕಂಡಿದ್ದಾರೆ. ಎರೆಮಣ್ಣಿನ ಲೋಟದಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು: ಮರುದಿನವೂ ನೀರು ತಿಳಿಯಾಗದೆ ಹಾಲಿನಂತೆ ಕದಡಿಕೊಂಡೇ ಇದ್ದರೆ ಮಣ್ಣಿನಲ್ಲಿ ಸೋಡಿಯಂ ಹೆಚ್ಚಿರುವ ಸೂಚನೆ ಅದು, ಅಂಥ ಹೊಲದ ಪರಿಹಾರವೇ ಬೇರೆ, ಮುಂದೆ ಬರುತ್ತದೆ.

ಇದರ ಜೊತೆಗೆ ಹೊಲದ ಹಿಂದಿನ ಕಥೆಯನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳಿ. ಎಷ್ಟು ವರ್ಷದಿಂದ ಒಂದೇ ಬೆಳೆ, ಕೊನೆಯ ಸಲ ಗೊಬ್ಬರದ ಬಂಡಿ ಯಾವಾಗ ಬಂತು, ಯಾವ ಬದುವನ್ನು ಟ್ರ್ಯಾಕ್ಟರ್ ತಿರುಗಿಸಲೆಂದು ಕಿತ್ತರು, ಮೇಲ್ಮಣ್ಣನ್ನು ಇಟ್ಟಿಗೆ ಭಟ್ಟಿಗೆ ಎಂದಾದರೂ ಮಾರಿದ್ದುಂಟೇ? ಇಟ್ಟಿಗೆಗೆಂದು ಅರ್ಧ ಅಡಿ ಮಣ್ಣು ಕೊಟ್ಟ ಹೊಲ ಒಂದು ತಲೆಮಾರಿನಲ್ಲಿ ಹಳೆಯ ಸ್ಥಿತಿಗೆ ಮರಳುವುದಿಲ್ಲ. ಆ ವ್ಯವಹಾರಕ್ಕೆ ಎಷ್ಟೇ ಕಷ್ಟದಲ್ಲಿದ್ದರೂ ಒಪ್ಪಬಾರದೆಂಬುದು ನನ್ನ ಕಳಕಳಿಯ ವಿನಂತಿ.

ಎರಡನೆಯ ಹೆಜ್ಜೆ: ಮಣ್ಣಿನ ಮಾದರಿಯನ್ನು ಸರಿಯಾಗಿ ತೆಗೆಯುವುದು

ಮಣ್ಣು ಆರೋಗ್ಯ ಕಾರ್ಡ್ ಯೋಜನೆ 2015ರಿಂದ ದೇಶದಾದ್ಯಂತ ನಡೆದಿದೆ. ಕಾರ್ಡ್ ಹಲವರ ಮನೆಯಲ್ಲಿದೆ. ಆದರೆ ಪಕ್ಕದ ಹೊಲದ ಮಾದರಿಯ ಮೇಲೆ ಬರೆದ ಕಾರ್ಡ್‌ನಿಂದ ನಿಮ್ಮ ಹೊಲದ ತೀರ್ಮಾನ ಮಾಡಲಾಗದು. ಬೆಳೆ ಕಟಾವಾದ ಮೇಲೆ, ಗೊಬ್ಬರ ಹಾಕುವ ಮೊದಲು, ಬೇಸಿಗೆಯಲ್ಲಿ ಮಾದರಿ ತೆಗೆಯಿರಿ. ಒಂದೇ ಬಣ್ಣದ, ಒಂದೇ ಇಳಿಜಾರಿನ, ಒಂದೇ ಬೆಳೆಯ ತುಂಡಿಗೆ ಒಂದು ಮಾದರಿ. ಮೇಲಿನ ಮಸಾರಿ ದಿಬ್ಬವನ್ನೂ ಕೆಳಗಿನ ಎರೆ ಮಡುವನ್ನೂ ಬೆರೆಸಿದರೆ ಬರುವ ಅಂಕಿ ಎರಡಕ್ಕೂ ಸುಳ್ಳು. ಅಂಕುಡೊಂಕಾಗಿ ನಡೆಯುತ್ತ ಎಂಟು ಹತ್ತು ಕಡೆ ಮೇಲಿನ ಕಸಕಡ್ಡಿ ಸರಿಸಿ, ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿ 15 ಸೆಂ.ಮೀ. ಆಳದ ಗುಂಡಿ ತೋಡಿ, ಅದರ ಒಂದು ಮಗ್ಗುಲಿನಿಂದ ಮೇಲಿಂದ ಕೆಳಗಿನವರೆಗೆ ಬೆರಳು ದಪ್ಪದ ಮಣ್ಣನ್ನು ಕೆರೆದುಕೊಳ್ಳಿ. ತಿಪ್ಪೆ ಇದ್ದ ಜಾಗ, ಬದುವಿನ ಅಂಚು, ಮರದ ನೆರಳು, ರಾತ್ರಿ ಕುರಿ ತರುಬಿದ (ಮಂದೆ ನಿಲ್ಲಿಸಿದ) ಜಾಗ, ಎರೆಯಲ್ಲಿ ದೊಡ್ಡ ಬಿರುಕಿನ ಬಾಯಿ ಇವುಗಳನ್ನು ಬಿಡಬೇಕು. ಎಲ್ಲವನ್ನೂ ಗೋಣಿಯ ಮೇಲೆ ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದುಹಾಕುತ್ತ ಹೋಗಿ, ಕೊನೆಗೆ ಉಳಿದ ಅರ್ಧ ಕೆ.ಜಿ. ಮಣ್ಣನ್ನು ನೆರಳಿನಲ್ಲಿ ಒಣಗಿಸಿ ಬಟ್ಟೆಯ ಚೀಲಕ್ಕೆ ಹಾಕಿ. ಗೊಬ್ಬರದ ಖಾಲಿ ಚೀಲವನ್ನು ಇದಕ್ಕೆ ಬಳಸಿದರೆ ಇಡೀ ಶ್ರಮ ವ್ಯರ್ಥ.

ವರದಿ ಬಂದಾಗ ಮೊದಲು ನೋಡಬೇಕಾದದ್ದು ಸಾರಜನಕವನ್ನಲ್ಲ. ರಸಸಾರ (ಪಿಎಚ್), ಲವಣಾಂಶ, ಸಾವಯವ ಇಂಗಾಲ ಈ ಮೂರನ್ನು ಮೊದಲು ಓದಿ. ರಸಸಾರ 8.5 ದಾಟಿದ್ದರೆ ಕ್ಷಾರದ ಶಂಕೆ; ಲವಣಾಂಶ ಏರುತ್ತಿದ್ದರೆ ಸವುಳಿನ, ಅಂದರೆ ನೆಲ ಉಪ್ಪು ಕಟ್ಟುವ ಶಂಕೆ. ನಂತರ ಗಂಧಕ, ಸತು, ಬೋರಾನ್. ಕರ್ನಾಟಕ ಸರ್ಕಾರ 2009ರಲ್ಲಿ ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯೊಡನೆ ಆರಂಭಿಸಿದ ಭೂಚೇತನ ಯೋಜನೆಯಲ್ಲಿ ರೈತರ ಹೊಲಗಳ ಮಣ್ಣು ಪರೀಕ್ಷಿಸಿದಾಗ ಎದ್ದು ಕಂಡದ್ದು ಈ ಮೂರರ ವ್ಯಾಪಕ ಕೊರತೆ. ಯೂರಿಯಾ ಮತ್ತು ಡಿಎಪಿ (ಸಾರಜನಕ-ರಂಜಕದ ಗೊಬ್ಬರ) ಚೀಲಗಳಲ್ಲಿ ಈ ಮೂರೂ ಇರುವುದಿಲ್ಲ. ಅವೆರಡನ್ನೇ ವರ್ಷಗಟ್ಟಲೆ ಹಾಕಿ ಬೆಳೆದ ಪೈರು ಗಂಧಕ, ಸತುಗಳನ್ನು ಮಣ್ಣಿನ ಹಳೆಯ ದಾಸ್ತಾನಿನಿಂದಲೇ ಎಳೆದುಕೊಂಡಿತ್ತು.

ಮೂರನೆಯ ಹೆಜ್ಜೆ: ಮಣ್ಣು ನಿಲ್ಲಿಸಿ, ನೀರು ಇಳಿಸುವುದು

ನಮ್ಮ ಕಡೆ ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವಾಗ ಪ್ರತಿಯೊಬ್ಬರಿಗೂ ಮೇಲಿನ ತೆಳು ಭೂಮಿಯೂ ಕೆಳಗಿನ ಆಳ ಭೂಮಿಯೂ ಸಿಗಲೆಂದು ಇಳಿಜಾರಿನ ಉದ್ದಕ್ಕೂ ಪಟ್ಟಿ ಸೀಳುವ ರೂಢಿಯುಂಟು. ಹಂಚಿಕೆಯ ದೃಷ್ಟಿಯಿಂದ ಇದು ನ್ಯಾಯವೇ. ಆದರೆ ಅಗಲ ಕಿರಿದಾದ ಪಟ್ಟಿಯಲ್ಲಿ ಕೂರಿಗೆಯೂ ಟ್ರ್ಯಾಕ್ಟರೂ ಉದ್ದಕ್ಕೇ ಓಡುತ್ತವೆ, ಪ್ರತಿ ಸಾಲೂ ನೀರು ಇಳಿದು ಓಡುವ ಕಾಲುವೆಯಾಗುತ್ತದೆ. ಭೂಮಿಯ ಸತ್ವ ಕಳೆಯುವ ಕಾರಣಗಳಲ್ಲಿ ಇದನ್ನು ಯಾವ ಪ್ರಯೋಗಾಲಯದ ವರದಿಯೂ ಬರೆಯುವುದಿಲ್ಲ. ಪಹಣಿ ಬೇರೆಯಾದರೂ ಬಿತ್ತನೆ ಒಟ್ಟಿಗೆ ಮಾಡಲು ಸಾಧ್ಯವಿದೆ: ಮೂರು ನಾಲ್ಕು ಪಟ್ಟಿಗಳವರು ಒಂದೇ ದಿನ, ಒಂದೇ ಯಂತ್ರದಿಂದ, ಗಡಿಗಲ್ಲುಗಳನ್ನು ಕದಲಿಸದೆ ಇಳಿಜಾರಿಗೆ ಅಡ್ಡಲಾಗಿ ಹರಗಿ ಬಿತ್ತಬಹುದು. ಇದಕ್ಕೆ ಬೇಕಾದದ್ದು ಹಣವಲ್ಲ, ಒಂದು ಸಂಜೆ ಕೂತು ಆಡುವ ಮಾತು. ಅದು ಆಗದಿದ್ದರೆ ಪಟ್ಟಿಯ ಒಳಗೇ ಅಲ್ಲಲ್ಲಿ ಅಡ್ಡ ಒಡ್ಡು ಹಾಕಿಕೊಳ್ಳುವುದು ಎರಡನೆಯ ದಾರಿ.

ಎರೆಯಲ್ಲಿ ಹಿಂಗಾರಿ ಬೆಳೆಯಷ್ಟೇ ಬೆಳೆಯುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಲವನ್ನು ಬರಿದಾಗಿ ಬಿಟ್ಟು, ಕಸ ಏಳದಂತೆ ಮತ್ತೆ ಮತ್ತೆ ಕುಂಟೆ ಹೊಡೆಯುತ್ತಾರೆ. ಬಿಳಿಜೋಳ, ಕಡಲೆಗೆ ತೇವ ಕೂಡಿಡಲೆಂದು ಮಾಡುವ ಕೆಲಸವಿದು. ಆದರೆ ವರ್ಷದ ಬಿರುಸಾದ ಮಳೆಗಳೆಲ್ಲ ಆ ಬೋಳು ನೆಲದ ಮೇಲೆಯೇ ಬೀಳುತ್ತವೆ. ಒಣಗಿದಾಗ ಬಿರುಕಿನ ಮೂಲಕ ನೀರು ಕುಡಿಯುವ ಎರೆ, ಒಮ್ಮೆ ನೆನೆದು ಉಬ್ಬಿದ ಮೇಲೆ ಬಾಯಿ ಮುಚ್ಚಿಕೊಳ್ಳುತ್ತದೆ, ಆಮೇಲೆ ಬಂದ ಮಳೆ ಹರಿದೇ ಹೋಗುತ್ತದೆ. ಇದಕ್ಕೆ ಉತ್ತರ ಚೌಕು ಮಡಿ, ಅಂದರೆ ಸಣ್ಣ ದಿಂಡು ಕಟ್ಟಿ ಹೊಲವನ್ನು ಚೌಕಗಳಾಗಿ ಮಾಡುವುದು. ಒಣಬೇಸಾಯದ ಸಂಶೋಧನೆಗೆಂದು 1930ರ ದಶಕದಲ್ಲೇ ಸೊಲ್ಲಾಪುರ, ಬಿಜಾಪುರ, ರಾಯಚೂರು, ಹಗರಿ ಮತ್ತು ರೋಹ್ಟಕ್‌ಗಳಲ್ಲಿ ಕೇಂದ್ರಗಳು ತೆರೆದಿದ್ದವು. ಇಂದಿನ ವಿಜಯಪುರದ ಕೇಂದ್ರ ರೈತರಿಗೆ ಬಲವಾಗಿ ಹೇಳುತ್ತ ಬಂದಿರುವ ಕ್ರಮಗಳಲ್ಲಿ ಚೌಕು ಮಡಿಯೂ ಒಂದು. ಜೂನ್ ಕೊನೆ ಅಥವಾ ಜುಲೈಯಲ್ಲಿ, ಮೊದಲ ಹದಕ್ಕೆ ಒಮ್ಮೆ ಹರಗಿ ಕಸ ತೆಗೆದ ಮೇಲೆ, ಮಡಿ ಕಟ್ಟುವ ಉಪಕರಣದಿಂದ ಇಡೀ ಹೊಲವನ್ನು 3 ಮೀಟರಿನಿಂದ 4.5 ಮೀಟರ್ ಅಳತೆಯ ಚೌಕಗಳಾಗಿ ವಿಂಗಡಿಸಿ. ಇಳಿಜಾರು ಹೆಚ್ಚಿದ್ದಲ್ಲಿ ಚೌಕ ಚಿಕ್ಕದಿರಲಿ. ದಿಂಡಿನ ಎತ್ತರ ಗೇಣಿನಷ್ಟಿದ್ದರೆ ಸಾಕು. ಒಂದು ಎಕರೆಯ ಮೇಲೆ ಒಂದು ಮಿ.ಮೀ. ಮಳೆಯೆಂದರೆ ನಾಲ್ಕು ಸಾವಿರ ಲೀಟರ್ ನೀರು. ಓಡಿಹೋಗಬೇಕಿದ್ದ 25 ಮಿ.ಮೀ. ಮಡಿಗಳಲ್ಲಿ ನಿಂತು ಇಳಿದರೆ ಒಂದು ಲಕ್ಷ ಲೀಟರ್ ನೆಲದೊಳಗೆ ಸೇರಿದಂತೆ. ಸೆಪ್ಟೆಂಬರ್‌ನಲ್ಲಿ ಬಿತ್ತುವ ಮುನ್ನ ಮಡಿಗಳನ್ನು ಹರಗಿ ಸಮ ಮಾಡಿದರಾಯಿತು.

ಆದರೆ ಬದುವಿನ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. ಆಳವಾದ ಎರೆಯಲ್ಲಿ ಕೇವಲ ಮಣ್ಣಿನ ದೊಡ್ಡ ಬದು ಹಾಕಿ, ಹೆಚ್ಚುವರಿ ನೀರಿಗೆ ದಾರಿ ಬಿಡದಿದ್ದರೆ, ಬದು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಒಡೆಯುತ್ತದೆ. ಒಡೆದಲ್ಲಿ ಒಂದೇ ರಾತ್ರಿಯಲ್ಲಿ ಕೊರಕಲು ಬೀಳುತ್ತದೆ. ಆದ್ದರಿಂದ ಪ್ರತಿ ಬದುವಿಗೂ ತಗ್ಗಿನ ಕಡೆ ಕಲ್ಲು ಜೋಡಿಸಿದ ಕೋಡಿ ಇರಲೇಬೇಕು. ಹುನಗುಂದ ಭಾಗದ ಹೊಲಗಳಲ್ಲಿ ಇಂಥ ಕಲ್ಲಿನ ಕೋಡಿಗಳಿಗೆ ಹಳೆಯ ಪರಂಪರೆಯಿದೆ. ನೀರು ಮೆಲ್ಲಗೆ ಕಲ್ಲಿನ ಮೇಲಿಂದ ಇಳಿದು ಕೆಳಗಿನ ಹೊಲಕ್ಕೆ ಹೋಗುತ್ತದೆ, ಹೊತ್ತು ತಂದ ಮಣ್ಣು ಒಳಗೇ ಕೂರುತ್ತದೆ. ಕೋಡಿಯ ಮೇಲುಗಡೆ ವರ್ಷದಿಂದ ವರ್ಷಕ್ಕೆ ನೆಲ ಏರುವುದನ್ನು ನೋಡುವುದೇ ಒಂದು ಸಮಾಧಾನ. ಬದುವಿನ ಮೇಲೆ ಹುಲ್ಲು ಬೆಳೆಸಿ, ನಡುನಡುವೆ ಗ್ಲಿರಿಸಿಡಿಯಾ ಕಡ್ಡಿ ನೆಟ್ಟರೆ ಬದುವೂ ಭದ್ರ, ಮುಂದಿನ ಹೆಜ್ಜೆಗೆ ಬೇಕಾದ ಸೊಪ್ಪೂ ಅಲ್ಲೇ ಸಿಕ್ಕುತ್ತದೆ.

ನಾಲ್ಕನೆಯ ಹೆಜ್ಜೆ: ಹೊಲದಿಂದ ಹೋದದ್ದನ್ನು ಹೊಲಕ್ಕೆ ತರುವುದು

ಸಾವಯವ ಇಂಗಾಲವನ್ನು ಏರಿಸುವುದು ಎಷ್ಟು ನಿಧಾನದ ಕೆಲಸವೆಂದು ಮೊದಲೇ ತಿಳಿದಿದ್ದರೆ ನಡುವೆ ಮನಸ್ಸು ಮುರಿಯುವುದಿಲ್ಲ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಎಂಟರಿಂದ ಒಂಬತ್ತು ಲಕ್ಷ ಕೆ.ಜಿ. ತೂಗುತ್ತದೆ. ಅದರಲ್ಲಿ ಇಂಗಾಲವನ್ನು ಶೇ 0.1ರಷ್ಟು ಏರಿಸಬೇಕೆಂದರೆ ಎಂಟು ಒಂಬತ್ತು ನೂರು ಕೆ.ಜಿ. ಇಂಗಾಲ ಮಣ್ಣಿನಲ್ಲೇ ಉಳಿಯಬೇಕು. ಒಂದು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ನೀರು, ಮಣ್ಣು, ಬೂದಿ ಕಳೆದು ಸಿಗುವ ಇಂಗಾಲ ಒಂದೂವರೆ ಎರಡು ಕ್ವಿಂಟಲ್ ಇರಬಹುದು, ಅದರಲ್ಲೂ ಹೆಚ್ಚಿನ ಪಾಲು ನಮ್ಮ ಬಿಸಿಲಿಗೆ ಕರಗಿಹೋಗುತ್ತದೆ. ಹಾಗಾಗಿ ಐದು ವರ್ಷಕ್ಕೊಮ್ಮೆ ಇಪ್ಪತ್ತು ಬಂಡಿ ಹಾಕುವುದಕ್ಕಿಂತ ಪ್ರತಿ ವರ್ಷ ಇದ್ದಷ್ಟನ್ನು ಹಾಕುವುದು ಮೇಲು; ಹೊಲವೆಲ್ಲಕ್ಕೂ ತೆಳ್ಳಗೆ ಎರಚಲು ಸಾಲದಿದ್ದರೆ ಪ್ರತಿ ವರ್ಷ ಒಂದು ತುಂಡನ್ನು ಗೊತ್ತುಮಾಡಿಕೊಂಡು ಸರದಿಯಂತೆ ಪೂರೈಸಬಹುದು.

ಇರುವ ಗೊಬ್ಬರವನ್ನು ಕೆಡಿಸಿಕೊಳ್ಳದಿರುವುದು ಹೊಸದನ್ನು ಕೊಳ್ಳುವುದಕ್ಕಿಂತ ಅಗ್ಗ. ಊರ ಹೊರಗಿನ ತೆರೆದ ತಿಪ್ಪೆಯನ್ನು ಬೇಸಿಗೆಯಲ್ಲಿ ಬಿಸಿಲು ಒಣಗಿಸುತ್ತದೆ, ಮಳೆಗಾಲದಲ್ಲಿ ನೀರು ತೊಳೆಯುತ್ತದೆ. ತಿಪ್ಪೆಯ ಬುಡದಿಂದ ಹರಿದು ಚರಂಡಿ ಸೇರುವ ಕಂದು ನೀರೇ ಅದರ ಸತ್ವ. ಮೊಣಕಾಲೆತ್ತರಕ್ಕಿಂತ ತುಸು ಆಳದ ಗುಂಡಿ ತೋಡಿ, ಸಗಣಿ, ಗಂಜಲ ನೆನೆದ ಕಸ, ಕಡಲೆ-ತೊಗರಿಯ ಹೊಟ್ಟು ಇವನ್ನು ಪದರಪದರವಾಗಿ ತುಂಬಿ, ನೀರು ಚಿಮುಕಿಸಿ, ಮೇಲೆ ಮಣ್ಣು ಮುಚ್ಚಿ, ಸಾಧ್ಯವಿದ್ದರೆ ಮರದ ನೆರಳಿನಲ್ಲಿಡಿ. ನಮ್ಮಲ್ಲಿ ತೀರಾ ಸಾಮಾನ್ಯವಾದ ಇನ್ನೊಂದು ತಪ್ಪಿದೆ. ಯುಗಾದಿಯ ಹೊತ್ತಿಗೆ ಗೊಬ್ಬರವನ್ನು ಹೊಲಕ್ಕೆ ಸಾಗಿಸಿ, ಸಣ್ಣ ಸಣ್ಣ ಗುಪ್ಪೆಗಳಾಗಿ ಸುರಿದು, ಮಳೆ ಬರುವವರೆಗೆ ಎರಡು ತಿಂಗಳು ಹಾಗೇ ಬಿಡುತ್ತಾರೆ. ಗುಪ್ಪೆ ಇದ್ದಲ್ಲಿ ಮುಂದೆ ಬೆಳೆ ಕಪ್ಪಗೆ ಹುಲುಸಾಗಿ, ನಡುವಿನ ಜಾಗ ಹಳದಿಯಾಗಿ ಬೆಳೆದಿರುವುದನ್ನು ಕಂಡರೆ ನಷ್ಟ ಅರ್ಥವಾಗುತ್ತದೆ. ಗೊಬ್ಬರ ಸಾಗಿಸಿದ ದಿನವೇ ಎರಚಬೇಕು, ಎರಚಿದ ದಿನವೇ ಹರಗಿ ಮಣ್ಣಿಗೆ ಸೇರಿಸಬೇಕು.

ಕುರಿ ತರುಬಿಸುವ ಪದ್ಧತಿಗೂ ಇದೇ ಮಾತು ಅನ್ವಯಿಸುತ್ತದೆ. ಹಿಂಗಾರಿ ಕಟಾವಾದ ಮೇಲೆ ಕುರಿಗಾರರು ಮಂದೆಯೊಂದಿಗೆ ಬರುತ್ತಾರೆ. ರಾತ್ರಿ ಹೊಲದಲ್ಲಿ ಕುರಿ ತರುಬಿದರೆ ಹಿಕ್ಕೆಯ ಜೊತೆಗೆ ಉಚ್ಚೆಯೂ ನೇರವಾಗಿ ಮಣ್ಣಿಗೆ ಸೇರುತ್ತದೆ, ತಿಪ್ಪೆಯ ಗೊಬ್ಬರಕ್ಕೆ ಇಲ್ಲದ ಲಾಭವಿದು. ಆದರೆ ಸುಣ್ಣದಂಶ ಹೆಚ್ಚಿರುವ ಎರೆಯಲ್ಲಿ ಉಚ್ಚೆಯ ಸಾರಜನಕ ಅಮೋನಿಯಾ ಆಗಿ ಹಾರಿಹೋಗುವುದು ಬಹು ಬೇಗ. ಬೆಳಿಗ್ಗೆ ಮಂದೆ ಎದ್ದ ಜಾಗದಲ್ಲಿ ಮೂಗಿಗೆ ಬಡಿಯುವ ಖಾರವಾದ ವಾಸನೆ ಅದೇ. ಮಂದೆಯನ್ನು ಪ್ರತಿ ರಾತ್ರಿ ಜಾಗ ಬದಲಿಸಿ, ಹಿಂದಿನ ರಾತ್ರಿಯ ಜಾಗವನ್ನು ಮರುದಿನವೇ ಮೇಲುಮೇಲೆ ಹರಗಬೇಕು. ಕುರಿಗಾರರಿಗೆ ಕೊಡುವ ಕಾಳು ಅಥವಾ ಹಣದ ವಿಷಯದಲ್ಲಿ ಜಿಪುಣತನ ತರವಲ್ಲ. ಅವರು ಆ ದಾರಿ ಬಿಟ್ಟರೆ ಅಷ್ಟು ಗೊಬ್ಬರವನ್ನು ಯಾವ ಅಂಗಡಿಯೂ ಹೊಲಕ್ಕೆ ತಂದು ಹರಡುವುದಿಲ್ಲ.

ಜೋಳದ ಕಣಿಕೆ ದನಕ್ಕೆ ಹೋಗುವುದು ಸರಿಯೇ, ದನದ ಸಗಣಿ ಹೊಲಕ್ಕೆ ಬಂದರೆ. ಕೊಂಡಿ ಕಳಚುವುದು ಸಗಣಿ ಕುಳ್ಳಾಗಿ ಒಲೆ ಸೇರಿದಾಗ, ದನಗಳನ್ನೇ ಮಾರಿ ಕಣಿಕೆಯನ್ನು ಬೇರೆ ಊರಿಗೆ ಲಾರಿಯಲ್ಲಿ ಕಳಿಸಿದಾಗ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆಯನ್ನು ಹೊಲದಲ್ಲೇ ಸುಟ್ಟರೆ ಇಂಗಾಲ, ಸಾರಜನಕಗಳ ಜೊತೆಗೆ ಗಂಧಕದ ಪಾಲೂ ಹೊಗೆಯಾಗಿ ಹೋಗುತ್ತದೆ. ಪುಡಿ ಮಾಡುವ ಯಂತ್ರ ಬಾಡಿಗೆಗೆ ಸಿಗುವಲ್ಲಿ ಅದನ್ನು ಬಳಸಿ. ಒಣ ಕಡ್ಡಿಯನ್ನು ಹಾಗೇ ಮಣ್ಣಿಗೆ ಸೇರಿಸಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಕೆಲಕಾಲ ಹಿಡಿದಿಟ್ಟುಕೊಳ್ಳುತ್ತವೆ, ಪೈರು ಹಳದಿಯಾಗುತ್ತದೆ. ಆದ್ದರಿಂದ ಸಗಣಿ ಬಗ್ಗಡ ಬೆರೆಸಿ ಮೊದಲು ಕೊಳೆಸುವುದು, ಇಲ್ಲವೇ ಸಾಲುಗಳ ನಡುವೆ ಹೊದಿಕೆಯಾಗಿ ಹರಡುವುದು ಉತ್ತಮ.

ಕೆರೆಯ ಹೂಳನ್ನು ಕುರಿತು ಒಂದು ಮಾತು. ಮಸಾರಿ ಹೊಲಕ್ಕೆ ಕೆರೆಗೋಡು ಹಾಕುವುದು ಬಹಳ ಒಳ್ಳೆಯದು, ಏಕೆಂದರೆ ಅದು ಅಲ್ಲಿ ಇಲ್ಲದ ಜೇಡಿಯನ್ನು ತರುತ್ತದೆ, ತೇವ ಹಿಡಿಯುವ ಶಕ್ತಿ ಹೆಚ್ಚುತ್ತದೆ. ಎರೆಗೆ ಜೇಡಿಯ ಕೊರತೆಯೇ ಇಲ್ಲ. ಅಲ್ಲಿ ಆ ಖರ್ಚು ಹೆಚ್ಚು ಫಲ ಕೊಡದು. ಯಾವ ಹೂಳನ್ನಾದರೂ ಸಾಗಿಸುವ ಮುನ್ನ ಲವಣಾಂಶ ಪರೀಕ್ಷೆ ಮಾಡಿಸಿ.

ಐದನೆಯ ಹೆಜ್ಜೆ: ಬೋಳು ನೆಲಕ್ಕೆ ಹಸಿರು ಹೊದಿಕೆ, ಒಂದೇ ಬೆಳೆಗೆ ಜೊತೆ

ಜೂನ್‌ನಲ್ಲಿ ಒಳ್ಳೆಯ ಮಳೆಯಾದ ವರ್ಷ ಹಿಂಗಾರಿ ಹೊಲವನ್ನು ಬರಿದಾಗಿ ಬಿಡದೆ ಸೆಣಬು ಅಥವಾ ಹೆಸರು ಬಿತ್ತಬಹುದು. ಸೆಣಬನ್ನು ಹೂ ಕಾಣುವ ಹೊತ್ತಿಗೆ, ಸುಮಾರು 45 ದಿನಕ್ಕೆ, ಆಗಸ್ಟ್ ನಡುವೆ ಮಣ್ಣಿಗೆ ಸೇರಿಸಬೇಕು. ತಡ ಮಾಡಿದರೆ ಕಾಂಡ ನಾರಾಗಿ ಕೊಳೆಯುವುದಿಲ್ಲ, ಜೋಳಕ್ಕೆ ಬೇಕಾದ ತೇವವನ್ನೂ ಕುಡಿದುಬಿಡುತ್ತದೆ. ಮುಂಗಾರು ಕೈಕೊಟ್ಟ ವರ್ಷ ಈ ಸಾಹಸ ಬೇಡ, ಚೌಕು ಮಡಿ ಸಾಕು. ಬಿಳಿಜೋಳದ ಮೇಲೆ ಬಿಳಿಜೋಳ, ಹತ್ತಿಯ ಮೇಲೆ ಹತ್ತಿ ಬೆಳೆಯುವ ಬದಲು ನಡುವೆ ಕಡಲೆ ಬಂದರೆ ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ. ಆದರೆ ವರ್ಷವೂ ಕಡಲೆಯನ್ನೇ ಬಿತ್ತಿದರೆ ಗಿಡವನ್ನು ಸೊರಗಿಸುವ ಸಿಡಿ ರೋಗ ಮಣ್ಣಿನಲ್ಲಿ ನೆಲೆಯೂರುತ್ತದೆ. ಕಡಲೆಯೊಂದಿಗೆ ಕುಸುಬೆಯ ಸಾಲು, ಸಜ್ಜೆಯೊಂದಿಗೆ ತೊಗರಿಯ ಸಾಲು ಎಂಬ ಹಿರಿಯರ ಅಕ್ಕಡಿ (ಮಿಶ್ರಬೆಳೆ) ಲೆಕ್ಕದಲ್ಲಿ ಮೇಲ್ಬೇರಿನ ಬೆಳೆಗೂ ಆಳಬೇರಿನ ಬೆಳೆಗೂ ಬೇರೆ ಬೇರೆ ಪದರದಲ್ಲಿ ಊಟವಿತ್ತು, ಜೊತೆಗೆ ತೊಗರಿ ಉದುರಿಸುವ ಎಲೆ ನೆಲಕ್ಕೆ ಉಳಿಯುತ್ತಿತ್ತು.

ಆರನೆಯ ಹೆಜ್ಜೆ: ಈಗ ಚೀಲದ ಗೊಬ್ಬರ

ಗೊಬ್ಬರದ ಚೀಲ ಬೇಡವೆಂದು ನಾನು ಹೇಳುತ್ತಿಲ್ಲ. ಒಂದು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಇರುವುದು ಐದು ಕೆ.ಜಿ.ಯಷ್ಟು, 45 ಕೆ.ಜಿ.ಯ ಒಂದು ಯೂರಿಯಾ ಚೀಲದಲ್ಲಿ ಇಪ್ಪತ್ತು ಕೆ.ಜಿ.ಗೂ ಹೆಚ್ಚು. ದನಕರು ಕಡಿಮೆಯಾದ ಊರಿನಲ್ಲಿ ಕೊಟ್ಟಿಗೆ ಗೊಬ್ಬರವೊಂದರಿಂದಲೇ ಬೆಳೆ ಕಸಿದುಕೊಂಡದ್ದನ್ನು ತುಂಬಿಕೊಡುವುದು ಕಷ್ಟ. ಆದರೆ ಯೂರಿಯಾವನ್ನು ಒಣ ನೆಲದ ಮೇಲೆ ಎರಚಿ ಮಳೆಗೆ ಕಾಯುವುದು ಕುರಿ ಉಚ್ಚೆಯಂತೆಯೇ ಗಾಳಿಗೆ ತೂರಿದಂತೆ. ಬಿತ್ತುವಾಗ ಗೊಬ್ಬರ ಕೂರಿಗೆಯಿಂದ ಬೀಜದ ಪಕ್ಕದಲ್ಲಿ, ಬೀಜಕ್ಕಿಂತ ತುಸು ಆಳದಲ್ಲಿ, ತೇವವಿರುವ ಮಣ್ಣಿಗೆ ಸೇರಿಸಬೇಕು. ಹಿಂಗಾರಿನಲ್ಲಿ ಮೇಲ್ಮಣ್ಣು ಬೇಗ ಒಣಗುವುದರಿಂದ ಆಮೇಲೆ ಮೇಲುಗೊಬ್ಬರಕ್ಕೆ ಅವಕಾಶವೇ ಸಿಗದಿರಬಹುದು.

ಗಂಧಕದ ಕೊರತೆಯಿದ್ದರೆ ರಂಜಕವನ್ನು ಡಿಎಪಿಯಿಂದ ಕೊಡುವ ಬದಲು ಸಿಂಗಲ್ ಸೂಪರ್ ಫಾಸ್ಫೇಟ್‌ನಿಂದ ಕೊಡುವುದು ಸುಲಭದ ದಾರಿ. ಅದರಲ್ಲಿ ಶೇ 16ರಷ್ಟು ರಂಜಕದ ಜೊತೆಗೆ ಶೇ 11ರಷ್ಟು ಗಂಧಕವೂ ಇರುತ್ತದೆ. ಶೇಂಗಾ, ಕುಸುಬೆ, ಸೂರ್ಯಕಾಂತಿ ಬೆಳೆಯುವವರಿಗೆ ಇದು ವಿಶೇಷವಾಗಿ ಹೊಂದುತ್ತದೆ, ಏಕೆಂದರೆ ಎಣ್ಣೆಕಾಳುಗಳಿಗೆ ಗಂಧಕ ಹೆಚ್ಚು ಬೇಕು. ಸತುವಿನ ಕೊರತೆಗೆ ಎಕರೆಗೆ 6ರಿಂದ 10 ಕೆ.ಜಿ. ಜಿಂಕ್ ಸಲ್ಫೇಟನ್ನು ಕೊಟ್ಟಿಗೆ ಗೊಬ್ಬರದೊಂದಿಗೆ ಬೆರೆಸಿ ಕೊಡಬಹುದು. ರಂಜಕದ ಗೊಬ್ಬರದೊಡನೆ ಒಂದೇ ಪಾತ್ರೆಯಲ್ಲಿ ಬೆರೆಸಿದರೆ ಎರಡೂ ಸೇರಿ ಬೇರಿಗೆ ಸಿಗದ ರೂಪ ತಾಳುತ್ತವೆ. ಬೋರಾನ್ ವಿಷಯದಲ್ಲಿ ಕೊರತೆಗೂ ವಿಷಕ್ಕೂ ನಡುವಿನ ಅಂತರ ಬಹಳ ಕಿರಿದು, ಆದ್ದರಿಂದ ಕಾರ್ಡ್‌ನಲ್ಲಿ ಬರೆದ ಪ್ರಮಾಣವನ್ನು ಒಂದು ಚಮಚೆಯಷ್ಟೂ ಮೀರಬೇಡಿ.

ಏಳನೆಯ ಹೆಜ್ಜೆ: ನೀರಾವರಿ ಬಂದಾಗ ಎಚ್ಚರ

ಒಣ ಹೊಲಕ್ಕೆ ನೀರು ಬಂದರೆ ಎಲ್ಲ ಕಷ್ಟ ತೀರಿತೆಂದು ಭಾವಿಸುವುದು ಸಹಜ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡಾಗ ಎಡದಂಡೆಯ ಬಹುಪಾಲು ಎರೆ ಪ್ರದೇಶಕ್ಕೆ ಹಗುರ ನೀರಾವರಿಯ ಬೆಳೆಗಳನ್ನು ಯೋಜಿಸಲಾಗಿತ್ತು. ನೆಲಕ್ಕೆ ಇಳಿದದ್ದು ಭತ್ತ. ಬಸಿದು ಹೋಗಲು ದಾರಿಯಿಲ್ಲದ ಎರೆಯಲ್ಲಿ ನೀರು ನಿಂತು, ಅಡಿಯ ಲವಣ ಮೇಲಕ್ಕೆ ಬಂದು, ಗಂಗಾವತಿ, ಸಿಂಧನೂರು ಭಾಗದಲ್ಲಿ ಎಷ್ಟೋ ಹೊಲಗಳು ಬೇಸಿಗೆಯಲ್ಲಿ ಬೆಳ್ಳಗೆ ಉಪ್ಪು ಕಟ್ಟುತ್ತವೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಸವುಳು ಭೂಮಿಯ ಸುಧಾರಣೆ, ನೆಲದಡಿಯ ಬಸಿಗಾಲುವೆಗಳ ಬಗ್ಗೆ ಕೆಲಸ ನಡೆದಿದೆ.

ಬೋರ್‌ವೆಲ್ ಹೊಲದಲ್ಲೂ ಇದೇ ನಡೆಯುತ್ತದೆ, ಸದ್ದಿಲ್ಲದೆ. ಬಾಯಿಗೆ ತುಸು ಸಪ್ಪೆಯೆನಿಸುವ, ಕುಡಿಯಲೂ ಆಗುವ ನೀರಿನ ಒಂದು ಲೀಟರಿನಲ್ಲಿ ಅರ್ಧ ಗ್ರಾಂಗೂ ಹೆಚ್ಚು ಲವಣವಿರಬಹುದು. ಲೀಟರಿಗೆ 0.64 ಗ್ರಾಂ ಎಂದಿಟ್ಟುಕೊಂಡು, ಒಂದು ಹಂಗಾಮಿಗೆ 500 ಮಿ.ಮೀ. ನೀರು ಕೊಟ್ಟರೆ ಎಕರೆಗೆ ಸುಮಾರು 1,300 ಕೆ.ಜಿ. ಲವಣ ಸುರಿದಂತಾಯಿತು. ನೀರು ಆವಿಯಾಗುತ್ತದೆ, ಲವಣ ಆಗುವುದಿಲ್ಲ. ಕಬ್ಬು ಹಚ್ಚುವ ಮೊದಲು ನೀರಿನ ಪರೀಕ್ಷೆ ಮಾಡಿಸುವುದು ಮಣ್ಣಿನ ಪರೀಕ್ಷೆಯಷ್ಟೇ ಮುಖ್ಯ. ಹೊಲದ ತಗ್ಗಿನಲ್ಲಿ ಬಸಿಗಾಲುವೆ ತೋಡಿ, ನೀರು ಹೊರಹೋಗುವ ದಾರಿಯನ್ನು ಬೆಳೆ ಇಡುವ ಮುನ್ನವೇ ಕಾಯಂ ಮಾಡಿಕೊಳ್ಳಬೇಕು. ಲೋಟದ ಪರೀಕ್ಷೆಯಲ್ಲಿ ನೀರು ಹಾಲಿನಂತೆ ಕದಡಿದ್ದು, ವರದಿಯಲ್ಲಿ ರಸಸಾರ 8.5 ದಾಟಿದ್ದರೆ ಜಿಪ್ಸಂ ಬೇಕಾಗುತ್ತದೆ. ಅದರ ಕ್ಯಾಲ್ಸಿಯಂ ಮಣ್ಣಿನ ಸೋಡಿಯಂನ ಜಾಗ ಹಿಡಿದು, ಹೊರಬಿದ್ದ ಸೋಡಿಯಂ ನೀರಿನೊಡನೆ ಬಸಿದುಹೋಗಬೇಕು. ಬರೀ ಉಪ್ಪು ಕಟ್ಟಿದ, ಸೋಡಿಯಂ ಹೆಚ್ಚಿಲ್ಲದ ಹೊಲಕ್ಕೆ ಜಿಪ್ಸಂ ಹಾಕಿ ಪ್ರಯೋಜನವಿಲ್ಲ, ಅಲ್ಲಿ ಬೇಕಾದದ್ದು ತೊಳೆಯುವ ಸಿಹಿನೀರು ಮತ್ತು ಬಸಿಗಾಲುವೆ. ಎಷ್ಟು ಜಿಪ್ಸಂ ಎಂಬುದನ್ನು ಪ್ರಯೋಗಾಲಯದವರಿಂದ ಲೆಕ್ಕ ಹಾಕಿಸಿಕೊಳ್ಳಿ.

ಕೊನೆಗೆ ದಾಖಲೆ

ಒಂದು ನೋಟುಬುಕ್ಕಿನಲ್ಲಿ ಹೊಲದ ಪ್ರತಿ ತುಂಡಿಗೆ ಒಂದು ಪುಟ ತೆಗೆದಿಡಿ. ಯಾವ ವರ್ಷ ಯಾವ ಬೆಳೆ, ಎಷ್ಟು ಬಂಡಿ ಗೊಬ್ಬರ, ಎಷ್ಟು ರಾತ್ರಿ ಕುರಿ, ಎಷ್ಟು ಚೀಲ, ಎಷ್ಟು ಇಳುವರಿ ಎಂದು ಬರೆಯಿರಿ. ಮೂರು ವರ್ಷಕ್ಕೊಮ್ಮೆ ಅದೇ ತಿಂಗಳಿನಲ್ಲಿ, ಅದೇ ಆಳದಿಂದ, ಅದೇ ತುಂಡಿನ ಮಾದರಿ ಕಳಿಸಿ. ಮೇ ತಿಂಗಳ ಅಂಕಿಯನ್ನು ನವೆಂಬರ್‌ನ ಅಂಕಿಯೊಡನೆ ಹೋಲಿಸಬಾರದು. ಪ್ರಯೋಗಾಲಯದ ವರದಿ ಬರುವವರೆಗೆ ಕಾಯಬೇಕಿಲ್ಲದ ಗುರುತೂ ಒಂದಿದೆ. ಹೊಲದಲ್ಲಿ ಹೊಸ ಕ್ರಮ ಅನುಸರಿಸಿದ ತುಂಡಿನ ಹೆಂಟೆಯೊಂದನ್ನು, ಹಳೆಯ ಪದ್ಧತಿಯಲ್ಲೇ ಬಿಟ್ಟ ತುಂಡಿನ ಹೆಂಟೆಯೊಂದನ್ನು ಪ್ರತಿ ಬೇಸಿಗೆಯಲ್ಲೂ ಎರಡು ಲೋಟ ನೀರಿಗೆ ಬಿಟ್ಟು, ಎಷ್ಟು ನಿಮಿಷಕ್ಕೆ ಯಾವುದು ಕುಸಿಯಿತೆಂದು ಅದೇ ಪುಟದಲ್ಲಿ ಬರೆದಿಡಿ.